ಏಳನೇ ನಂಬರಿನವರು
ನಮ್ಮ ಬೀದಿಯ ಚಪ್ಪಲಿ ಅಂಗಡಿಯ ಯಜಮಾನರು ಗಿರಾಕಿಯ ಮುಖ ನೋಡುವುದಿಲ್ಲ, ಪಾದ ನೋಡುತ್ತಾರೆ. ಏಳನೇ ನಂಬರಾದರೆ ಮುಗಿಯಿತು, ಕುರ್ಚಿ ಒರೆಸಿ ಕೂರಿಸಿ, 'ನೀವು ನಮ್ಮೋರು ಬಿಡಿ, ಏಳರೋರು ಮಾತು ತಪ್ಪಲ್ಲ' ಎನ್ನುತ್ತಾರೆ. ಅವರ ಪ್ರಕಾರ ಎಂಟರವರು ದುಡುಕಿನವರು, ಆರರವರನ್ನಂತೂ ನಂಬಲೇಬಾರದು. ಮಗಳಿಗೆ ಗಂಡು ನೋಡಲು ಹೋದಾಗಲೂ ಮೊದಲು ಹುಡುಗನ ಶೂ ತಿರುಗಿಸಿ ನಂಬರು ನೋಡಿದರಂತೆ. ನಾನೂ ಏಳರವನೇ; ನಗುತ್ತಲೇ ಒಳಗೊಳಗೆ ಬೀಗುತ್ತಿದ್ದೆ. ಮೊನ್ನೆ ಅವರು ಅಂಗಡಿಯ ಏಣಿಯಿಂದ ಜಾರಿ ಬಿದ್ದಾಗ ಎತ್ತಲು ಓಡಿದೆ. ಕಾಲಿನಿಂದ ಕಳಚಿಬಿದ್ದ ಏಳನೇ ನಂಬರಿನ ಶೂ ಒಳಗಿಂದ ಹತ್ತಿಯ ಉಂಡೆ ಉರುಳಿತು, ಪಾದ ಆರರದ್ದು. 'ಯಾರಿಗೂ ಹೇಳ್ಬೇಡಪ್ಪ' ಎಂದರು. ಆ ಗಳಿಗೆಯಲ್ಲಿ, ಅವರನ್ನು ಎತ್ತುತ್ತಿದ್ದ ನನ್ನ ಕೈ ತಾನಾಗಿ ಸಡಿಲವಾದದ್ದು ನನಗೇ ಕಂಡಿತು.