ನಾಲ್ಕು ಊರಿನ ಒಂದೇ ಪೆಟ್ಟಿಗೆ

ಚಿತ್ತಯ್ಯನಿಗೆ ಪಾಠ ಹೇಳುವ ಚಟವಿತ್ತು, ಮೆಲ್ಲಗೆ ಹೇಳುವುದು ಮಾತ್ರ ಗೊತ್ತಿರಲಿಲ್ಲ. ಹೊಳಲ್ಕೆರೆಯಲ್ಲಿದ್ದ ರಕ್ತದಾನಿಗಳ ಸಂಘದ ಕೋಣೆಗೆ ಹೇಳದೆ ಕೇಳದೆ ನುಗ್ಗುವನು. ಬೀರುವಿನಲ್ಲಿದ್ದ ತಗಡಿನ ಪೆಟ್ಟಿಗೆಯನ್ನು ಎತ್ತಿ ಬಗಲಿಗೆ ಸಿಕ್ಕಿಸಿಕೊಳ್ಳುವನು. ಪೆಟ್ಟಿಗೆ ಕಾಯುವ ಉಗ್ರಪ್ಪನ ಮುಂದೆ ನಿಂತು, "ನಿನ್ ಪೆಟ್ಟಿಗೆ ಸುಟ್ಟೋತು. ಅಲ್ಲಿ ಒಬ್ಬ ರಕ್ತ ಇಲ್ದೆ ಸಾಯ್ತಾ ಅವ್ನೆ. ಏನ್ ಮಾಡ್ತಿ, ಮಾಡು" ಎನ್ನುವನು. ಉಗ್ರಪ್ಪ ಕೂಡಲೇ ಹೊಸದುರ್ಗಕ್ಕೆ ಫೋನು ಹಚ್ಚಬೇಕು. ಲೈನು ಸಿಗದಿದ್ದರೆ ಚಿತ್ರದುರ್ಗಕ್ಕೆ, ಅದೂ ಸಿಗದಿದ್ದರೆ ಹಿರಿಯೂರಿಗೆ. ಮೂರೂ ಕೈಕೊಟ್ಟರೆ ಹೊರಟು ನಿಂತ ಬಸ್ಸಿನ ಕಂಡಕ್ಟರನ ಕೈಗೆ ಬರೆದು ಕೊಟ್ಟು ಕಳಿಸಬೇಕು. ಒಂದು ಗಳಿಗೆ ತಡವರಿಸಿದರೂ ಅವನ ಮೂರು ತಲೆಮಾರಿಗೆ ಬೈಗುಳ ಬೀಳುತ್ತಿತ್ತು.

ಆ ಪೆಟ್ಟಿಗೆಯಲ್ಲಿ ಇದ್ದದ್ದು ಕಾರ್ಡುಗಳು. ಯಾರ ಮೈಯಲ್ಲಿ ಯಾವ ಗುಂಪಿನ ರಕ್ತವಿದೆ, ಅವರು ಯಾವ ಊರಿನಲ್ಲಿ ಸಿಗುತ್ತಾರೆ, ಹಿಂದೆ ಯಾವಾಗ ಕೊಟ್ಟಿದ್ದರು, ಇಷ್ಟು. ರಕ್ತವನ್ನು ಕೂಡಿಡುವ ಅನುಕೂಲ ಆಗ ನಮ್ಮ ಕಡೆ ಇರಲಿಲ್ಲ. ಬೇಕೆಂದಾಗ ರಕ್ತವಿರುವ ಮನುಷ್ಯನನ್ನೇ ಹುಡುಕಿ ಕರೆತರಬೇಕಿತ್ತು. ಮೊದಲು ಪೆಟ್ಟಿಗೆ ಚಿತ್ರದುರ್ಗದಲ್ಲಿ ಮಾತ್ರ ಇತ್ತು, ಒಂದು ಮಳೆಗಾಲ ಅದಕ್ಕೆ ಗೆದ್ದಲು ಹತ್ತಿತು. ಸಂಘದ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದ ಚಿತ್ತಯ್ಯ ಆ ಗೆದ್ದಲಿನ ಮಣ್ಣನ್ನು ಕೆರೆದು ಕೆರೆದು ಹೆಸರುಗಳನ್ನು ಓದಿದ. ಓದಲು ಬಾರದವು ಹೋದವು. ಆಮೇಲೆ ಅದೇ ಕಾರ್ಡುಗಳನ್ನು ನಾಲ್ಕು ಪ್ರತಿ ಬರೆಸಿ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಒಂದೊಂದು ಪೆಟ್ಟಿಗೆ ಇಡಿಸಿದ. ಒಂದು ಕಡೆ ಹೊಸ ಹೆಸರು ಸೇರಿದರೆ ವಾರದೊಳಗೆ ಉಳಿದ ಮೂರು ಕಡೆಯೂ ಸೇರಬೇಕು. ನಾಲ್ಕು ಊರಿನಲ್ಲಿದ್ದರೂ ಅದು ಒಂದೇ ಪೆಟ್ಟಿಗೆ ಎಂದು ಹೇಳಿ ಹೇಳಿ ಎಲ್ಲರ ತಲೆ ತಿಂದಿದ್ದ.

ಇನ್ನೊಂದು ಕಟ್ಟಳೆ ಇತ್ತು. ಡಾಕ್ಟರ ಮೊಹರಿದ್ದ ಚೀಟಿ ಬಾರದೆ ಯಾವ ಕಾರ್ಡೂ ಹೊರಗೆ ಬರಕೂಡದು. ಇಂಥವನ ರಕ್ತ ಇಂಥವನಿಗೆ ಹೋಯಿತೆಂದು ಊರಿಗೆ ತಿಳಿದರೆ ಜಾತಿ ಎದ್ದು ಕೂರುತ್ತದೆ, ಮಾರನೆಯ ದಿನ ಕೊಡುವವರೂ ಇರುವುದಿಲ್ಲ, ತೆಗೆದುಕೊಳ್ಳುವವರೂ ಇರುವುದಿಲ್ಲ. ಪೆಟ್ಟಿಗೆ ಕಾಯುವವರಿಗೆ ಚಿತ್ತಯ್ಯ ಬೆಂಕಿಯ ಪಾಠ ಹೇಳಿದ, ನೀರಿನ ಪಾಠ ಹೇಳಿದ, ಇಲಿ, ಗೆದ್ದಲು, ಕಳ್ಳ, ಕುಡುಕ ಎಲ್ಲವನ್ನೂ ಹೇಳಿದ. ಹೊಸದುರ್ಗದ ಮರುಳಸಿದ್ದಮ್ಮ ಮರುಮಾತಾಡದೆ ಕೇಳುತ್ತಿದ್ದಳು. ಹಿರಿಯೂರಿನ ರೇವಣಸಿದ್ದಪ್ಪ ಕೇಳುವ ಮೊದಲೇ ಉತ್ತರ ಹೇಳುತ್ತಿದ್ದ. ಅವನ ಮೇಲೆ ಚಿತ್ತಯ್ಯನಿಗೆ ಒಂದು ಗುಲಗಂಜಿ ತೂಕ ಹೆಚ್ಚೇ ಪ್ರೀತಿಯಿತ್ತು.

ಚಿತ್ತಯ್ಯ ಹುಟ್ಟಿದ್ದು ಮಾರಿಕಣಿವೆಯ ಆಚೆಯ ಒಂದು ಗೊಲ್ಲರ ಹಟ್ಟಿಯಲ್ಲಿ. ಅಪ್ಪ ಬೇಗ ಹೋದ ಮೇಲೆ ಅಣ್ಣ ಗೊಲ್ಲಪ್ಪ ಕುರಿ ಕಾಯ್ದು ತಮ್ಮನನ್ನು ಓದಿಸಿದ. ತಮ್ಮ ಒಮ್ಮೆ ಅಣ್ಣನ ಬೆರಳು ಚುಚ್ಚಿ ನೋಡಿದಾಗ ಅದು ಓ ನೆಗೆಟಿವ್. ನಮ್ಮ ಕಡೆ ನೂರು ಜನರನ್ನು ಸೋಸಿದರೆ ಒಬ್ಬಿಬ್ಬರು ಸಿಕ್ಕರೆ ಹೆಚ್ಚು. ಅಂಥವರಿಗೆ ಅಂಥದ್ದೇ ರಕ್ತ ಆಗಬೇಕು, ಬೇರೆ ಒಗ್ಗದು. ನಾಲ್ಕೂ ಪೆಟ್ಟಿಗೆಯಲ್ಲಿ ಆ ಗುಂಪಿನ ಕಾರ್ಡು ಗೊಲ್ಲಪ್ಪನದೊಂದೇ. ಹಟ್ಟಿಯಲ್ಲಿ ಆರೋಗ್ಯವಾಗಿದ್ದ ಇನ್ನೂ ಹಲವು ಗಂಡಸರು ಗೊಲ್ಲಪ್ಪನ ಮಾತು ಕೇಳಿ ಹೆಸರು ಬರೆಸಿದ್ದರು. ತಮ್ಮ ಬರೆದುಕೊಂಡ ಮೇಲೆ ಕೇಡಾಗುವುದುಂಟೇ ಎಂಬುದು ಅವನ ಮಾತು.

ಎಪ್ಪತ್ತಾರನೆಯ ಇಸವಿ. ಊರೂರಿಗೆ ಜೀಪು ಹೋಗಿ ಗಂಡಸರನ್ನು ಕುಟುಂಬ ಯೋಜನೆಯ ಆಪರೇಷನ್ನಿಗೆ ಹಿಡಿದು ತರುತ್ತಾರೆಂಬ ಸುದ್ದಿ ಎಲ್ಲ ಕಡೆ ಹಬ್ಬಿತ್ತು. ಜೀಪಿನ ಸದ್ದು ಕೇಳಿದರೆ ಗಂಡಸರು ಅನ್ನ ಬಿಟ್ಟು ಏಳುತ್ತಿದ್ದರು. ಅಂಥ ಕಾಲದಲ್ಲಿ ಒಂದು ಬೆಳಿಗ್ಗೆ ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಫೋನು ಬಂತು. ಕಲ್ಲು ಒಡೆಯುವವರ ಮನೆಯ ಬೋರಕ್ಕ ಎಂಬ ಹುಡುಗಿಗೆ ಹೆರಿಗೆಯಾಗಿದೆ, ರಕ್ತ ನಿಲ್ಲುತ್ತಿಲ್ಲ, ಓ ನೆಗೆಟಿವ್, ಸಂಜೆಯೊಳಗೆ ರಕ್ತ ಸಿಗದಿದ್ದರೆ ಡಾಕ್ಟರು ಕೈ ಚೆಲ್ಲುತ್ತಾರೆ. ಗೊಲ್ಲಪ್ಪನನ್ನು ಕರೆತರಲು ಹೋದ ಜೀಪಿಗೆ ಹಟ್ಟಿಯವರು ಕಲ್ಲು ತೂರಿ ಓಡಿಸಿದ್ದಾರೆ. ಇಷ್ಟು ಹೇಳಿ ರೇವಣಸಿದ್ದಪ್ಪ ಫೋನಿಟ್ಟ.

ಚಿತ್ತಯ್ಯ ಸಿಕ್ಕ ಲಾರಿ ಹತ್ತಿ ಹಿರಿಯೂರು ಸೇರಿದ. ಮೊದಲು ಬೋರಕ್ಕನ ಮುಖ ನೋಡಿದ. ಅಷ್ಟು ಬಿಳಿಚಿದ ಮುಖವನ್ನು ಅವನು ಬದುಕಿದ್ದವರಲ್ಲಿ ಕಂಡಿರಲಿಲ್ಲ. ಪೆಟ್ಟಿಗೆಯ ಕೋಣೆಗೆ ಬಂದು, ನನ್ನಣ್ಣನ ಹಟ್ಟಿಯವರು ಜೀಪಿಗೆ ಕಲ್ಲು ಹೊಡೆಯುವಂಥದ್ದು ಏನಾಯಿತು ಎಂದು ಕೇಳಿದ. ರೇವಣಸಿದ್ದಪ್ಪ ಬಾಯಿಬಿಟ್ಟ. ಹೋದ ವಾರ ಮೇಲಿನ ಅಧಿಕಾರಿಯೊಬ್ಬರು ಬಂದಿದ್ದರು. ಆರೋಗ್ಯವಾಗಿರುವ ಗಂಡಸರ ಹೆಸರು ಊರುಸಹಿತ ಒಂದೇ ಕಡೆ ಸಿಗುವುದು ನಿನ್ನ ಪೆಟ್ಟಿಗೆಯಲ್ಲಂತೆ, ತೆಗಿ ಎಂದರು. ಇವನು ತೆಗೆದ. ಆ ಹೆಸರು ಹಿಡಿದು ಆಪರೇಷನ್ನಿನ ಜೀಪು ಹಟ್ಟಿಗೆ ಹೋಗಿತ್ತು.

"ಚೀಟಿ?" ಎಂದ ಚಿತ್ತಯ್ಯ.

"ಚೀಟಿ ಎಲ್ಲಿಂದ ಬರ್ಬೇಕು ಗುರುಗಳೇ. ಸಾಹೇಬ್ರು ಎದುರಿಗೆ ಕುರ್ಚಿ ಮೇಲೆ ಕುಂತು ಕೇಳಿದ್ರು. ಕಳ್ಳ ಬಂದ್ರೆ ಏನ್ ಮಾಡ್ಬೇಕು ಅಂತ ಹೇಳ್ಕೊಟ್ಟಿದ್ರಿ. ಸಾಹೇಬ್ರು ಬಂದ್ರೆ ಏನ್ ಮಾಡ್ಬೇಕು ಅಂತ ಹೇಳ್ಕೊಡ್ಲಿಲ್ಲ."

ಚಿತ್ತಯ್ಯ ಎತ್ತಿದ ಕೈಯನ್ನು ಇಳಿಸಿದ. ಬೇಲಿಯೇ ಎದ್ದು ಹೊಲ ಮೇಯ್ದಿತು ಎಂದು ಕೂಗಾಡಬಹುದಿತ್ತು. ಆದರೆ ಬೇಲಿ ಕಟ್ಟಿದವನು ತಾನೇ, ಬಾಗಿಲು ಬಿಟ್ಟಿದ್ದೂ ತಾನೇ. ಅವನು ಗೆದ್ದಲನ್ನು ಕೂಡ ನೆನೆಸಿಕೊಂಡು ಪಾಠ ಹೇಳಿದ್ದ, ಕುರ್ಚಿಯನ್ನು ಮರೆತಿದ್ದ. ಆ ಹೊತ್ತಿನಲ್ಲಿ ಅವನಿಗೆ ರೇವಣಸಿದ್ದಪ್ಪನಿಗಿಂತ ತನ್ನ ಮೇಲೇ ಹೆಚ್ಚು ಹೇಸಿಗೆಯಾಯಿತು.

ಪೆಟ್ಟಿಗೆಯಿಂದ ಅಣ್ಣನ ಕಾರ್ಡು ತೆಗೆದು ಜೇಬಿಗಿಟ್ಟುಕೊಂಡ. ಉಳಿದ ಮೂರು ಊರಿನಲ್ಲೂ ಆ ಕಾರ್ಡನ್ನು ಹರಿದುಹಾಕಿಸಿ, ನಿನ್ನ ಹೆಸರು ಎಲ್ಲೂ ಇಲ್ಲವೆಂದು ಅಣ್ಣನಿಗೆ ಹೇಳಬೇಕೆಂದು ಫೋನಿನ ಮುಂದೆ ಕೂತ. ಹೊಸದುರ್ಗದ ಲೈನು ಮಾತ್ರ ಸಿಕ್ಕಿತು. ಹರಿದುಹಾಕು ಎಂದ. ಮರುಮಾತಾಡದ ಮರುಳಸಿದ್ದಮ್ಮ ಅಂದು ಮಾತಾಡಿದಳು.

"ಚೀಟಿ ಇಲ್ದೆ ನಾನು ಕಾರ್ಡು ಮುಟ್ಟಲ್ಲ ಸಾರ್. ಫೋನಲ್ಲಿ ಯಾರು ಬೇಕಾದ್ರೂ ನಾನು ಚಿತ್ತಯ್ಯ ಅನ್ಬೌದು."

ಅವನು ಬೈದ. ಅವಳು ಕೇಳಿಸಿಕೊಂಡು, ಬರೆದು ಕಳಿಸಿ ಎಂದು ಫೋನಿಟ್ಟಳು. ಸಿಟ್ಟಿನಿಂದ ಅವನ ಕಿವಿ ಸುಡುತ್ತಿತ್ತು, ಎದೆಯೊಳಗೆ ಮಾತ್ರ ಯಾರೋ ತಣ್ಣನೆಯ ನೀರು ಕೊಟ್ಟ ಹಾಗಾಗಿತ್ತು. ಒಬ್ಬಳಾದರೂ ಕಲಿತಿದ್ದಳು. ಕಾಯುವಷ್ಟು ಹೊತ್ತಿರಲಿಲ್ಲ. ಡಾಕ್ಟರ ಹತ್ತಿರ ಮೊಹರು ಹಾಕಿಸಿದ ಚೀಟಿ ಪಡೆದು, ಜೀಪು ಬೇಡವೆಂದು ಹೊಸದುರ್ಗದ ಬಸ್ಸು ಹತ್ತಿದ. ಹಟ್ಟಿಯ ದಾರಿ ಕವಲೊಡೆಯುವ ಕಡೆ ಇಳಿದು ಹೊಲದ ಬದುವಿನ ಮೇಲೆ ಓಡಿದ.

ಹಟ್ಟಿಯ ಸುತ್ತ ಮುಳ್ಳುಕಂಟಿಯ ಕಳ್ಳೆ ಬೇಲಿ. ಅದರೊಳಗೆ ಮೆಟ್ಟು ಹಾಕಿಕೊಂಡು ಯಾರೂ ಹೋಗುವಂತಿಲ್ಲ, ದೇವರಿರುವ ಜಾಗ. ಚಿತ್ತಯ್ಯ ಬೇಲಿಯ ಹೊರಗೆ ಚಪ್ಪಲಿ ಬಿಟ್ಟ. ಒಳಗೆ ಕಾಲಿಡುವ ಮೊದಲೇ ಅತ್ತಿಗೆ ಮುದ್ದಕ್ಕ ದಾರಿಗೆ ಅಡ್ಡ ಬಂದು ನಿಂತಳು. ಬಾ ಎನ್ನಲಿಲ್ಲ. ಬೇರೆ ಹೆಂಗಸರು ಬಾಗಿಲುಗಳಲ್ಲಿ ನಿಂತಿದ್ದರು. ಇಡೀ ಹಟ್ಟಿಯಲ್ಲಿ ಒಬ್ಬ ಗಂಡಸಿನ ಸುಳಿವಿರಲಿಲ್ಲ.

"ಮೆಟ್ಟು ಹಾಕ್ಕಂಡು ಒಳಕ್ಕೆ ಬಂದ್ರು ಕಣಪ್ಪ. ಒಬ್ಬೊಬ್ಬರ ಹೆಸ್ರೂ ಓದಿದ್ರು. ಆ ಹೆಸ್ರು ಬರ್ದದ್ದು ಯಾರು?" ಎಂದಳು.

"ನಾನೇ ಅತ್ಗೆ."

ಸುಳ್ಳು ಹೇಳಲು ಅವನಿಗೆ ಆಗಲಿಲ್ಲ. ರೇವಣಸಿದ್ದಪ್ಪನ ಹೆಸರು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡ. ಹೆಸರು ತನ್ನ ಕೈಯಿಂದಲೇ ಹೋಗಿದೆ, ಕಾಯಲಾಗಲಿಲ್ಲ ಎಂದ. ಹಿರಿಯೂರಿನಲ್ಲಿ ಒಬ್ಬ ಬಾಣಂತಿ ಸಾಯುತ್ತಿದ್ದಾಳೆ, ಅವಳಿಗೆ ಹೊಂದುವ ರಕ್ತ ಅಣ್ಣನದೊಂದೇ ಎಂದ. ಕುರಿಯ ಜೊತೆ ಗುಡ್ಡ ಸೇರಿದ್ದ ಗೊಲ್ಲಪ್ಪ ಎಲ್ಲಿದ್ದಾನೆಂದು ಗೊತ್ತಿದ್ದವಳು ದಿನಾ ಬುತ್ತಿ ಒಯ್ಯುತ್ತಿದ್ದ ಮುದ್ದಕ್ಕ ಒಬ್ಬಳೇ. ಅವಳು ದಾರಿ ಬಿಡಲಿಲ್ಲ.

ಚಿತ್ತಯ್ಯ ಜೇಬಿನಿಂದ ಕಾರ್ಡು ತೆಗೆದು ಚಾಚಿದ. "ಇದು ಅಣ್ಣನ ಕಾರ್ಡು. ಇಂಥವು ಇನ್ನೂ ಮೂರು ಅವೆ. ಇವತ್ತು ತರಕ್ಕಾಗ್ಲಿಲ್ಲ, ತಂದು ನಿನ್ ಕೈಗೇ ಕೊಡ್ತೀನಿ. ಅಣ್ಣ ಇವತ್ತು ಬರ್ಲಿ ಬಿಡ್ಲಿ, ಇದು ನಿನ್ ಹತ್ರಾನೇ ಇರ್ಲಿ. ಇನ್ಮೇಲೆ ರಕ್ತ ಬೇಕಾದೋರು ನಿನ್ ಕೇಳ್ಲಿ."

ಮುದ್ದಕ್ಕನಿಗೆ ಓದು ಬಾರದು. ಕಾರ್ಡನ್ನು ತಿರುಗಿಸಿ ನೋಡಿ, ಏನು ಬರೆದಿದೆ ಓದು ಎಂದಳು. ಅವನು ಓದಿದ. ಬೇರೆ ಏನೂ ಇಲ್ಲವೇ ಎಂದು ಮತ್ತೆ ಕೇಳಿ, ಮತ್ತೆ ಓದಿಸಿದಳು. ಆಮೇಲೆ ಕೇಳಿದಳು: "ಎಷ್ಟನೇ ಹೆರಿಗೆ?"

"ಚೊಚ್ಚಲು."

ಮುದ್ದಕ್ಕ ಬೇಲಿಯಾಚೆ ತುಸು ದೂರದಲ್ಲಿದ್ದ ಗುಡಿಸಲಿನ ಕಡೆ ನೋಡಿದಳು. ಹಟ್ಟಿಯ ಹೆಂಗಸರು ಹೆತ್ತು ಮಲಗುವ ಜಾಗ ಅದು. ತನ್ನ ಚೊಚ್ಚಲನ್ನು ಅವಳು ಅಲ್ಲಿ ಸುರಿವ ಮಳೆಯಲ್ಲಿ ಹೆತ್ತಿದ್ದಳು, ಕೂಸು ಉಳಿದಿರಲಿಲ್ಲ. ಕಾರ್ಡನ್ನು ಸೀರೆಯ ಸೆರಗಿಗೆ ಗಂಟು ಹಾಕಿಕೊಂಡು, ನೀನು ಬರಕೂಡದು, ಇಲ್ಲೇ ಇರು ಎಂದು ಹೇಳಿ ಗುಡ್ಡದ ಕಡೆ ನಡೆದಳು.

ಚಿತ್ತಯ್ಯ ಚಪ್ಪಲಿಗಳ ಪಕ್ಕದಲ್ಲಿ ಕೂತ. ಯಾರೂ ನೀರು ಬೇಕೇ ಎನ್ನಲಿಲ್ಲ. ಅವನು ಹುಟ್ಟಿದ ಹಟ್ಟಿ, ಎಲ್ಲರೂ ಅವನನ್ನು ಎತ್ತಿ ಆಡಿಸಿದ್ದವರು. ಬಿಸಿಲು ಜಾಲಿಮರದ ಆ ಕಡೆಗೆ ವಾಲಿತು. ಹಿಂದಕ್ಕೆ ಹೋಗುವ ಬಸ್ಸಿನ ಹೊತ್ತಾಗುತ್ತಿತ್ತು, ಅದು ತಪ್ಪಿದರೆ ಕತ್ತಲಾದ ಮೇಲೇ ಇನ್ನೊಂದು. ಬೋರಕ್ಕ ಈಗಾಗಲೇ ಹೋಗಿರಬಹುದು ಎಂದು ಒಂದು ಮನಸ್ಸು ಹೇಳಿತು. ಅಣ್ಣ ಬರುವುದಿಲ್ಲ ಎಂದು ಇನ್ನೊಂದು ಹೇಳಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಗಾದೆಯನ್ನು ಅವನು ಎಷ್ಟು ಜನರ ಮುಖದ ಮೇಲೆ ಎಸೆದಿದ್ದನೋ, ಅದೆಲ್ಲ ತಿರುಗಿ ಬಂದು ಅವನ ಮುಂದೆಯೇ ಬಿತ್ತು.

ಕುರಿಯ ದಾರಿಯಲ್ಲಿ ಕಂಬಳಿ ಹೊದ್ದ ಆಳೊಂದು ಕಂಡಿತು. ಗೊಲ್ಲಪ್ಪ. ಹಿಂದೆ ಮುದ್ದಕ್ಕ. ಚಿತ್ತಯ್ಯ ಎದ್ದು ನಿಂತು ಅಣ್ಣಾ ಎಂದ. ಗೊಲ್ಲಪ್ಪ ಅವನನ್ನು ದಾಟಿ, ಹಾದಿಯಲ್ಲಿ ಬಿದ್ದ ಕಲ್ಲನ್ನು ದಾಟುವ ಹಾಗೆ ದಾಟಿ, ರಸ್ತೆಯ ಕಡೆ ನಡೆದ.

ಬಸ್ಸಿನಲ್ಲಿ ಅಣ್ಣ ಮುಂದೆ ಕೂತ, ತಮ್ಮ ಹಿಂದೆ. ಹಿರಿಯೂರಿನಲ್ಲಿ ಚಿತ್ತಯ್ಯನೇ ಎರಡು ರಕ್ತವನ್ನೂ ಬೆರೆಸಿ ಪರೀಕ್ಷೆ ಮಾಡಿದ. ಒಗ್ಗದಿದ್ದರೆ ಗಾಜಿನ ಮೇಲಿನ ಹನಿ ಹಾಲಿನ ಹಾಗೆ ಒಡೆಯುತ್ತದೆ, ಅದನ್ನೇ ಬಗ್ಗಿ ನೋಡುತ್ತಾ ಕೂತ. ಒಡೆಯಲಿಲ್ಲ. ಗೊಲ್ಲಪ್ಪ ಮಲಗಿ ತೋಳು ಚಾಚಿ ಮುಖವನ್ನು ಗೋಡೆಗೆ ಹಾಕಿದ. ಬಾಟಲಿ ತುಂಬಿತು. ಸೂರ್ಯ ಮುಳುಗುವ ಹೊತ್ತಿಗೆ ಬೋರಕ್ಕ ಕಣ್ಣು ಬಿಟ್ಟು ಕೂಸೆಲ್ಲಿ ಎಂದಳು. ಚಿತ್ತಯ್ಯ ಅಣ್ಣನಿಗೆಂದು ಹಾಲು ತಂದಾಗ ಮಂಚ ಖಾಲಿಯಾಗಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಆ ಹಾಲನ್ನು ಹಿಡಿದುಕೊಂಡು ಅವನು ಬಾಗಿಲಲ್ಲೇ ನಿಂತು ಅತ್ತ.

ಉಳಿದ ಮೂರು ಕಾರ್ಡುಗಳನ್ನು ಅವನು ತಾನೇ ಹೋಗಿ ತಂದ. ಮರುಳಸಿದ್ದಮ್ಮನಿಗೆ ಚೀಟಿ ಬರೆದುಕೊಟ್ಟೇ ತಂದ. ಆ ಹಟ್ಟಿಯ ಎಲ್ಲ ಕಾರ್ಡುಗಳೂ ಮುದ್ದಕ್ಕನ ಅಡಿಕೆಲೆ ಚೀಲ ಸೇರಿದವು. ಬೇರೆ ಹಟ್ಟಿಗಳಲ್ಲೂ ಹಾಗೇ ಮಾಡಿದ. ನಾಲ್ಕು ಊರಿನ ಪೆಟ್ಟಿಗೆಯಲ್ಲಿ ಉಳಿದದ್ದು ರಕ್ತದ ಗುಂಪು ಮತ್ತು ಯಾವ ಹಟ್ಟಿಯಲ್ಲಿ ಯಾವ ಹೆಂಗಸನ್ನು ಕೇಳಬೇಕೆಂಬ ಒಂದು ಸಾಲು. ಮೊಹರು ಗುಂಡಗೆ ನೀಲಿಯಾಗಿರುತ್ತದೆ ಎಂದು ಹೆಂಗಸರಿಗೆ ತೋರಿಸಿಕೊಟ್ಟ. ಪಾಠವೂ ಬದಲಾಯಿತು. ಈಗ ಅವನು ಪೆಟ್ಟಿಗೆ ಎತ್ತಿಕೊಂಡು ಹೋಗುತ್ತಿರಲಿಲ್ಲ. ಗುರುತಿಲ್ಲದವರಿಗೆ ಇಸ್ತ್ರಿ ಅಂಗಿ ತೊಡಿಸಿ ಕಳಿಸಿ, ಅವರು ಕುರ್ಚಿಯ ಮೇಲೆ ಕೂತು ಗದರಿಸಿ ಕಾರ್ಡು ಕೇಳುವಂತೆ ಮಾಡುತ್ತಿದ್ದ. ಅಂಥ ಒಬ್ಬರನ್ನು ಚೀಟಿ ಕೇಳಿ ಮೊದಲು ಹೊರಗೆ ಕಳಿಸಿದವನು ರೇವಣಸಿದ್ದಪ್ಪ.

ಗೊಲ್ಲಪ್ಪ ಮಾತ್ರ ಮಾತಾಡಲಿಲ್ಲ. ಹಬ್ಬ ಬಂತು, ಹೋಯಿತು. ಚಿತ್ತಯ್ಯ ಹಟ್ಟಿಗೆ ಬಂದರೆ ಅಣ್ಣ ಕುರಿಯ ಕಡೆ ಹೊರಟುಬಿಡುತ್ತಿದ್ದ.

ಮುಂದಿನ ವರ್ಷ ಚಿತ್ರದುರ್ಗದಲ್ಲಿ ಲಾರಿಗೆ ಸಿಕ್ಕ ಒಬ್ಬನಿಗೆ ಅದೇ ರಕ್ತ ಬೇಕಾಯಿತು. ಚಿತ್ತಯ್ಯ ಮತ್ತೆ ಬೇಲಿಯ ಹತ್ತಿರ ಚಪ್ಪಲಿ ಬಿಟ್ಟು ಅಣ್ಣನ ಮನೆಯ ಮುಂದೆ ನಿಂತ. ಮುದ್ದಕ್ಕ ಬಾಗಿಲಿಗೆ ಬಂದಳು. ಓಡಿ ಬಂದ ಏದುಸಿರಿನಲ್ಲಿ ಅವನು ಬೇಗ ಬೇಗ ವಿಷಯ ಹೇಳತೊಡಗಿದ. ಅಷ್ಟರಲ್ಲಿ ಒಳಗಿನ ಕತ್ತಲೆಯಿಂದ ಒಂದು ದನಿ ಬಂತು. ವರ್ಷದಿಂದ ಅವನು ಕೇಳಿರದ ದನಿ.

"ಚೀಟಿ ತಂದವ್ನೇನು ಕೇಳು."

ಚಿತ್ತಯ್ಯ ಅಂಗಿಯ ಜೇಬಿನಲ್ಲಿ ತಡಕಾಡಿ ಚೀಟಿ ತೆಗೆದುಕೊಟ್ಟ. ಮುದ್ದಕ್ಕ ಅದನ್ನು ಬಿಸಿಲಿಗೆ ಹಿಡಿದು, ಗುಂಡನೆಯ ನೀಲಿ ಮೊಹರಿನ ಮೇಲೆ ಬೆರಳಿಟ್ಟು ನಿಧಾನವಾಗಿ ನೋಡಿದಳು.

"ಐತೆ" ಎಂದಳು ಒಳಗಿನವನಿಗೆ.

ಗೊಲ್ಲಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದ. ತಮ್ಮನ ಮುಖ ನೋಡಿದ.

"ನಡಿ, ಹೋಗಾಣ" ಎಂದ.