ಚಿಗರಿ ಕೇಸಿನ ಪಂಚ

ನಮ್ಮ ಕಡೆ ಪೊಲೀಸರಾಗಲಿ, ಅರಣ್ಯದವರಾಗಲಿ ಊರಿಗೆ ಬಂದಾಗ ಚಹಾದಂಗಡಿಯ ಮುಂದೆ ಕೂರಬಾರದು. ಕೂತವನೇ ಪಂಚ, ಅಂದರೆ ಪಂಚನಾಮೆಗೆ ಸಹಿ ಹಾಕುವ ಸಾಕ್ಷಿ. ಇದು ಗೊತ್ತಿದ್ದೂ ನಾನು ಅವತ್ತು ನನ್ನ ಹಿಟ್ಟಿನ ಗಿರಣಿ ಬಂದ್ ಮಾಡಿ ಚಹಾ ಕುಡಿಯಲು ಹೋಗಿದ್ದೆ. "ಒಂದ ಸಹಿ ಅಷ್ಟರಿ, ಮತ್ತೇನಿಲ್ಲ" ಎಂದು ಅರಣ್ಯದವರು ಜೀಪಿನಲ್ಲಿ ಕೂರಿಸಿಕೊಂಡು ಊರಾಚೆಯ ಕಡಲೆ ಹೊಲಕ್ಕೆ ಕರೆದೊಯ್ದರು.

ಅಲ್ಲಿ ಚಿಗರಿಯೊಂದು ಸತ್ತು ಬಿದ್ದಿತ್ತು. ಹೆಣ್ಣು ಜಿಂಕೆ, ಗಬ್ಬ ಬೇರೆ. ಬೈಕಿನ ಕ್ಲಚ್ ವೈರಿನ ಉರುಲು ಹಿಂಗಾಲನ್ನು ಎಲುಬಿನವರೆಗೆ ಕೊರೆದಿತ್ತು. ಅದು ಒದ್ದಾಡಿದ ಜಾಗದಲ್ಲಿ ಎರೆಮಣ್ಣು ಕಲಸಿಹೋಗಿತ್ತು. ನನಗೆ ಮೈಯೆಲ್ಲ ಉರಿಯಿತು. ಇದನ್ನು ಮಾಡಿದವನ ಕೈ ಕಡಿಯಬೇಕು ಅನ್ನಿಸಿತು. ಅಷ್ಟರಲ್ಲಿ ಅವನನ್ನು ಹಿಡಿದು ತಂದರು. ನೋಡಿದರೆ ನಮ್ಮ ಓಣಿಯ ಕುರಿಗಾರ, ನನ್ನನ್ನು ಕಾಕಾ ಎಂದು ಕರೆಯುವವ. ಮನೆಗೆ ಬೀಗರು ಬರುವವರಿದ್ದರಂತೆ. ತನ್ನ ಕುರಿ ಕಡಿಯಲು ಮನಸ್ಸಾಗದೆ ಉರುಲು ಹಾಕಿದ್ದನೆಂದು ಅಲ್ಲಿ ನೆರೆದ ಮಂದಿಯೆಲ್ಲ ಮಾತಾಡುತ್ತಿದ್ದರು. ಥೂ ಇವನ, ಹಿಂಡು ಕುರಿ ಇಟ್ಟುಕೊಂಡವನಿಗೆ ಇದೆಂಥ ಬುದ್ಧಿ! ಸಹಿ ಹಾಕಿದೆ.

ಅಲ್ಲಿಂದ ಶುರುವಾಯಿತು ನೋಡಿ ತಾರೀಖುಗಳ ಕಾಟ. ಕೋರ್ಟು ನವಲಗುಂದದಲ್ಲಿ. ಬೆಳಗಿನ ಬಸ್ಸು ಒಂದೇ, ಆರೋಪಿಯೂ ಸಾಕ್ಷಿಯೂ ಅದರಲ್ಲೇ ಹೋಗಬೇಕು. ಅವನು ಮೊದಲೇ ಹತ್ತಿ ಟವೆಲ್ ಹಾಸಿ ನನಗೆ ಸೀಟು ಹಿಡಿಯುತ್ತಿದ್ದ. ಅವನ ಹೆಂಡತಿ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿಯನ್ನು ಕೋರ್ಟಿನ ಬೇವಿನ ಗಿಡದ ಕೆಳಗೆ ಇಬ್ಬರೂ ತಿನ್ನುತ್ತಿದ್ದೆವು. ಒಮ್ಮೆ ಸಾಹೇಬರು ರಜೆ, ಒಮ್ಮೆ ವಕೀಲರು ರಜೆ, ಇನ್ನೊಮ್ಮೆ ರಿಪೋರ್ಟೇ ಬಂದಿಲ್ಲ. ಊರಿಗೆ ಹೊಳ್ಳಿ ಬಂದರೆ ಹೆಂಗಸರು ಜೋಳದ ಡಬ್ಬಿ ಹಿಡಿದು ಗಿರಣಿ ಮುಂದೆ ಕೂತಿರುತ್ತಿದ್ದರು. "ಬಂದ್ರ ನೋಡ್ರೆವಾ, ಜಡ್ಜ್ ಸಾಹೇಬ್ರು!" ಎಂದು ನಗುತ್ತಿದ್ದರು. ನಾನು ಬೀಗ ತೆಗೆದು ಗಿರಣಿ ಚಾಲೂ ಮಾಡುತ್ತಿದ್ದೆ.

ಅವನ ಪಾಡು ಇನ್ನೂ ಕೆಟ್ಟದ್ದು. ಸುಗ್ಗಿ ಮುಗಿದ ಮೇಲೆ ಕುರಿಗಾರರು ಮೇವಿಗಾಗಿ ಹಿಂಡು ಹೊಡೆದುಕೊಂಡು ತಿಂಗಳುಗಟ್ಟಲೆ ಊರೂರು ತಿರುಗುತ್ತಾರೆ. ಜಾಮೀನಿನ ಮೇಲಿದ್ದವನು ಹಾಗೆ ಹೋಗಿ ತಾರೀಖು ತಪ್ಪಿಸಿದರೆ ವಾರಂಟು. ಹಿಂಡನ್ನು ಸಂಬಂಧಿಕರ ಕೈಗೆ ಕೊಟ್ಟ. ಅರ್ಧ ರೋಗಕ್ಕೆ ಸತ್ತವು, ಉಳಿದವನ್ನು ಸಂತೆಯಲ್ಲಿ ಮಾರಿದ. ಆಮೇಲೆ ಕಂಡವರ ಹೊಲದಲ್ಲಿ ಕೂಲಿ.

ವರ್ಷಗಳ ಮೇಲೆ ನಾನು ಸಾಕ್ಷಿ ಹೇಳುವ ತಾರೀಖು ಬಂತು. ಹಿಂದಿನ ದಿನ ಅವನ ಹೆಂಡತಿ ಗಿರಣಿಗೆ ಬಂದಳು. "ಏನೂ ನೋಡಿಲ್ಲ ಅನ್ರಿ ಕಾಕಾ. ವರ್ಷಾನಗಟ್ಟಲೆ ಒಳಗ ಹಾಕ್ತಾರಂತ. ಕೈ ಮುಗಿತೀನ್ರಿ."

ಏನು ಹೇಳಲಿ? ಆ ಗಬ್ಬದ ಚಿಗರಿ ಇನ್ನೂ ಕಣ್ಣಿಗೆ ಕಟ್ಟಿದಂತಿತ್ತು. ಅದನ್ನು ಕೊಂದದ್ದಕ್ಕೆ ಶಿಕ್ಷೆ ಆಗಲೇಬೇಕು. ಹಾಗಾದರೆ ಇವನು ಇಷ್ಟು ವರ್ಷ ಉಂಡದ್ದೇನು? ನನ್ನನ್ನು ಕೇಳಿದ್ದರೆ, ಆ ತಿಂಗಳೇ ತೀರ್ಮಾನ ಮಾಡಿ, ಒಂದು ಬೇಸಿಗೆ ಒಳಗಿಟ್ಟು ಬಿಟ್ಟುಬಿಡಿ ಅನ್ನುತ್ತಿದ್ದೆ. ಹಿಟ್ಟು ಬೀಸುವವನನ್ನು ಯಾರು ಕೇಳುತ್ತಾರೆ!

"ನೋಡಿದ್ದನ್ನ ಹೇಳ್ತೀನವಾ. ನೋಡಲಾರದ್ದನ್ನ ಹೇಳೂದಿಲ್ಲ" ಎಂದೆ. ಅವಳು ಡಬ್ಬಿ ಎತ್ತಿಕೊಂಡು ಹೋದಳು.

ಮರುದಿನ ಕೋರ್ಟಿನಲ್ಲಿ, ಸತ್ತ ಚಿಗರಿ ನೋಡಿದೆ, ವೈರು ನೋಡಿದೆ ಎಂದೆ. ಅವನ ವಕೀಲರು ಎದ್ದು, ಉರುಲು ಹಾಕುವುದನ್ನು ಕಣ್ಣಾರೆ ಕಂಡಿರೇನು ಎಂದು ಕೇಳಿದರು. "ಇಲ್ರಿ" ಎಂದೆ. ಅವತ್ತು ನನ್ನ ಜೊತೆ ಸಹಿ ಹಾಕಿದ್ದ ಇನ್ನೊಬ್ಬ ಪಂಚ ಯಾವಾಗಲೋ ತೀರಿಕೊಂಡಿದ್ದ. ಕಂಡವರು ಬೇರೆ ಯಾರೂ ಇರಲಿಲ್ಲ. ಕೆಲವು ತಾರೀಖು ಕಳೆದು ಅವನನ್ನು ಖುಲಾಸೆ ಮಾಡಿದರು.

ಅವತ್ತೂ ನಾನು ಜೊತೆಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಅವನ ಬೆನ್ನು ತಟ್ಟಿ, "ಪಾರಾದ್ಯಲ್ಲೋ ತಮ್ಮಾ" ಎಂದೆ.

ಅವನು ನಗಲಿಲ್ಲ. "ಉರುಲ ನಾನ ಹಾಕಿದ್ದೆ ಕಾಕಾ."

"ಗೊತ್ತೈತಿ ಬಿಡೋ."

"ಮೊದಲನೇ ದಿನಾನ ಹೌದ್ರಿ ಅನ್ನಾಂವಿದ್ದೆ. ವಕೀಲರು ಬ್ಯಾಡ ಅಂದ್ರು. ಅವತ್ತ ಹೌದು ಅಂದಿದ್ರ, ಶಿಕ್ಷಾ ಮುಗಿಸಿ ಇಷ್ಟೊತ್ತಿಗೆ ಕುರಿ ಹಿಂದ ಇರತಿದ್ದೆ." ಟವೆಲಿನಿಂದ ಮುಖ ಒರೆಸಿಕೊಂಡ. "ಈಗ ನಿಂದೇನೂ ತಪ್ಪಿಲ್ಲ, ಹೋಗು ಅಂದ್ರು. ಎಲ್ಲಿಗೆ ಹೋಗ್ಲಿ ಕಾಕಾ?"