ಮೊಳೆಗೆ ತೂಗಿದ ಕಾಯಿಲೆಗಳು

ಪ್ರೋಗ್ರಾಮಿಂಗ್ ಹೇಳಿಸಿಕೊಳ್ಳಲು ನನ್ನ ಬಳಿ ಬರುವ ಹುಡುಗಿ ಮೊನ್ನೆ ತಾನು ಬರೆದದ್ದನ್ನು ತೋರಿಸಿದಳು. ಜನರ ದೂರುಗಳನ್ನು ವಿಂಗಡಿಸುವ ಕೆಲಸ. ಕರೆಂಟಿನ ದೂರೇ? ಅಲ್ಲವಾದರೆ ನೀರಿನದೇ? ಅದೂ ಅಲ್ಲವಾದರೆ ರಸ್ತೆಯದೇ? ಪರದೆ ಸರಿದಷ್ಟೂ ‘ಅಲ್ಲವಾದರೆ’ಗಳು ಮುಗಿಯಲೊಲ್ಲವು. ನನಗೆ ಗಾಯಕ್ಕೆ ಹಚ್ಚುವ ಟಿಂಕ್ಚರಿನ ವಾಸನೆ ಬಂದಂತಾಯಿತು. ನಗಬೇಡಿ, ವಯಸ್ಸಾದವರ ಮೂಗು ಎಲ್ಲಿಂದ ಎಲ್ಲಿಗೋ ಹೋಗುತ್ತದೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು; ನಾನಿನ್ನೂ ಹುಡುಗ, ಚಿಕ್ಕಪ್ಪನ ಮನೆಯಲ್ಲಿದ್ದೆ. ಚೆಟ್ಟಳ್ಳಿ ಕಡೆಯ ಕಾಫಿ ಎಸ್ಟೇಟೊಂದರ ಔಷಧಾಲಯದಲ್ಲಿ ನಮ್ಮ ಚಿಕ್ಕಪ್ಪ ಕಾಂಪೌಂಡರ್. ಜನ ಡಾಕ್ಟ್ರೇ ಎನ್ನುತ್ತಿದ್ದರು. ಅವರೂ ತಿದ್ದಲು ಹೋದವರಲ್ಲ. ಯಾರೇ ಬರಲಿ, ಕೇಳುವ ಕ್ರಮ ಒಂದೇ: ಜ್ವರವಾ, ಕೆಮ್ಮಾ, ಹೊಟ್ಟೆನೋವಾ... ಕನ್ನಡ ತಿಳಿಯದಿದ್ದರೆ ತಮಿಳಿನಲ್ಲಿ, ಅದೂ ಆಗದಿದ್ದರೆ ಮಲಯಾಳದಲ್ಲಿ. ಗಾಯದ ಪ್ರಶ್ನೆ ಕಟ್ಟಕಡೆಗೆ. ಒಮ್ಮೆ ಕತ್ತಿ ತಾಗಿ ಕೈಯಿಂದ ರಕ್ತ ಸುರಿಸುತ್ತ ಬಂದವನೊಬ್ಬ ಎಲ್ಲಕ್ಕೂ ವಿನಯದಿಂದ ‘ಇಲ್ಲ, ಇಲ್ಲ’ ಎನ್ನುತ್ತ ನಿಂತು, ಗಾಯದ ಸರದಿ ಬರುವಷ್ಟರಲ್ಲಿ ಕುಸಿದುಬಿದ್ದ.

ಪುಣ್ಯಕ್ಕೆ ಬದುಕಿಕೊಂಡ. ಚಿಕ್ಕಮ್ಮ ಮಾತ್ರ ಬಿಡಲಿಲ್ಲ. “ಕಣ್ಣಿಗೆ ಕಾಂಬದನ್ನೂ ಕೇಳೊಕಾ?” ಎಂದು ರೇಗಿ, ಸಣ್ಣ ಹಲಗೆಗಳ ಮೇಲೆ ಒಂದೊಂದು ಕಾಯಿಲೆಯ ಚಿತ್ರ ಬರೆದು ಜಗಲಿಯ ಮೊಳೆಗಳಿಗೆ ತೂಗುಹಾಕಿದರು. ಬಂದವರು ತಮ್ಮ ಕಾಯಿಲೆಯ ಹಲಗೆ ತೆಗೆದು ಕಿಟಕಿಯಲ್ಲಿ ಕೊಟ್ಟರಾಯಿತು, ನೇರವಾಗಿ ಮದ್ದು. ಚಿಕ್ಕಮ್ಮ ಬರೆದ ಹೊಟ್ಟೆ ಕುಂಬಳಕಾಯಿಯಂತಿತ್ತು ನಿಜ, ಆದರೆ ಜನರ ಸಾಲು ಬೇಗ ಕರಗತೊಡಗಿತು. ಚಿಕ್ಕಪ್ಪ ಎಲ್ಲವೂ ತಮ್ಮದೇ ಉಪಾಯವೆಂಬಂತೆ ಬೀಗಿದರು.

ಕಷ್ಟವಾದದ್ದು ದೇವಕ್ಕನಿಗೆ. ಮಗಳನ್ನು ಕಳೆದುಕೊಂಡು, ಕೂಲಿಯವರ ಸಾಲುಮನೆಗಳ ಲೈನಿನಲ್ಲಿ ಒಂಟಿಯಾಗಿದ್ದ ಹೆಂಗಸು. ಮೊದಲೆಲ್ಲ ಆಗಾಗ ಬಂದು, ಕೇಳಿದ್ದಕ್ಕೆಲ್ಲ ‘ಇಲ್ಲೆ’ ಎನ್ನುತ್ತಿದ್ದಳು. ಚಿಕ್ಕಪ್ಪ ಸೋತು, “ಮತ್ತೆಂತ?” ಎಂದಾಗ ಮಗಳ ಮಾತು ತೆಗೆದು, ಅತ್ತು, ಮದ್ದಿಲ್ಲದೆ ಹಗುರಾಗಿ ಹೋಗುತ್ತಿದ್ದಳು. ಹಲಗೆಗಳು ಬಂದ ಮೇಲೆ ಒಂದೊಂದನ್ನೂ ನೋಡಿ ಬರಿಗೈಯಲ್ಲಿ ಹಿಂದಿರುಗಿದಳು. ಆಮೇಲೆ ಬರುವುದನ್ನೇ ಬಿಟ್ಟಳು. ಊಟವನ್ನೂ ಬಿಟ್ಟಿದ್ದಾಳೆಂದು ಪಕ್ಕದ ಮನೆಯವರು ಬಂದು ಹೇಳಿದಾಗ ಚಿಕ್ಕಪ್ಪ ಲೈನಿಗೇ ಹೋದರು.

“ಯಾಕೆ ದೇವಕ್ಕ, ಈಗ ಕಾಂಬಕೇ ಇಲ್ಲೆ?”

“ನನ್ನ ನೋವಿಗೆ ನಿಮ್ಮಲ್ಲಿ ಹಲಗೆ ಇಲ್ಲೆ, ಡಾಕ್ಟ್ರೆ.”

ಮರುದಿನ ಕೊನೆಯ ಮೊಳೆಯಲ್ಲಿ ಏನೂ ಬರೆಯದ ಹಲಗೆಯೊಂದು ತೂಗುತ್ತಿತ್ತು. ಅದನ್ನು ತಂದವರೆದುರು ಚಿಕ್ಕಪ್ಪ ಸೀಸೆಗಳ ಕಪಾಟು ಮುಚ್ಚಿ, ಸುಮ್ಮನೆ ಕೂತು ಕೇಳುತ್ತಿದ್ದರು. ದೇವಕ್ಕ ಬಂದಳು. ಚಿಕ್ಕಪ್ಪನ ಮೇಲೆ ನನಗೆ ನಿಜವಾದ ಪ್ರೀತಿ ಹುಟ್ಟಿದ್ದು ಆವತ್ತು.

ಹುಡುಗಿಯ ‘ಅಲ್ಲವಾದರೆ’ಗಳನ್ನೆಲ್ಲ ಅಳಿಸಿಸಿ, ಒಂದು ಕೋಷ್ಟಕ ಮಾಡಿಸಿದೆ. ದೂರಿನ ಹೆಸರು, ಅದರೆದುರು ಮಾಡಬೇಕಾದ ಕೆಲಸ. ಹೆಸರು ಹಿಡಿದು ನೇರವಾಗಿ ಅಲ್ಲಿಗೇ ಹೋಗುವುದು. ಅವಳಿಗೆ ಖುಷಿಯಾಯಿತು.

“ಇದರಲ್ಲಿ ಇಲ್ಲದ್ದು ಬಂದರೆ?” ಎಂದು ಕೇಳಿದೆ.

“ಅಂಥದ್ದು ಬರೋದೇ ಇಲ್ಲ ಸಾರ್.”

“ಬರ್ತಾಳೆ,” ಎಂದೆ.